ಅರವತ್ತೇಳು ಅಂಕದ ಸಾಲಾವಳಿ

ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗುಮಾಸ್ತನಾಗಿದ್ದೆ. ಒಬ್ಬ ಮನುಷ್ಯ ತನ್ನ ಜಾತಿ, ಆದಾಯ, ವಾಸಸ್ಥಳಗಳನ್ನು ತಾನೇ ಹೇಳಿಕೊಂಡರೆ ನಂಬದೆ, ಅವನನ್ನು ಎಂದೂ ಕಂಡಿರದ ಕಚೇರಿಯೊಂದು ಮೊಹರು ಹಾಕಿ ಹೇಳಿದರೆ ಮಾತ್ರ ನಂಬುವ ಧರ್ಮವೊಂದಿದೆ. ನಾನು ಅದರ ಪೂಜಾರಿ. ಎಂಟೂರಿಗೆ ಕಾಣುವ ತೆಂಗಿನ ತೋಟದ ಒಡೆಯ ಗರಿಗರಿ ಪಂಚೆಯುಟ್ಟು ಬಂದು, "ಆದಾಯ ಅಂತ ಏನೂ ಇಲ್ಲ ಸ್ವಾಮಿ, ಬಡವ" ಎಂದಾಗ ಗಂಭೀರವಾಗಿ ತಲೆದೂಗಿದವನು. ಇಂಥ ಕೆಲಸದಲ್ಲಿ ಬೇರೇನೂ ಬಾರದಿದ್ದರೂ ಅನುಮಾನವಂತೂ ಬರುತ್ತದೆ. ಅದು ಕಚೇರಿಯಲ್ಲೇ ಇರುವುದೂ ಇಲ್ಲ. ಸಂಜೆಯ ಬಸ್ಸಿನಲ್ಲಿ ನನ್ನ ಜೊತೆಗೇ ತುಮಕೂರಿಗೆ ಬಂದು, ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಕೈಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಿತ್ತು.

ನನ್ನ ಹೆಂಡತಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: "ಹಾಲಿನವ್ನು ನೀರು ಹಾಕಿದ್ರೆ ಇವ್ರಿಗೆ ಕೋಪ ಬರಲ್ಲ ಕಣಮ್ಮ. ಹಾಕ್ದೆ ಇದ್ರೆ, ಯಾಕೆ ಹಾಕ್ಲಿಲ್ಲ ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ತಾರೆ."

ಎರಡು ಸಾವಿರದ ನಾಲ್ಕರ ಸುಮಾರಿನಲ್ಲಿ, ಒಂದು ಭಾನುವಾರ, ಈ ಹೆಂಡತಿಯ ತಮ್ಮ, ಅಂದರೆ ನನ್ನ ಬಾಮೈದ, ಸೈಬರ್ ಸೆಂಟರಿನಲ್ಲಿ ತೆಗೆಸಿದ ಹಾಳೆಗಳ ಕಟ್ಟೊಂದನ್ನು ಹಿಡಿದು ಮನೆಗೆ ಬಂದ. ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ಡಿನಲ್ಲಿ ಅವನಿಗೆ ಕೆಲಸ. ತಗಡನ್ನು ಒತ್ತಿ ಬೇಕಾದ ಆಕಾರ ಬರಿಸುವ ಉಕ್ಕಿನ ಅಚ್ಚಿಗೆ ಡೈ ಅನ್ನುತ್ತಾರೆ, ಅದನ್ನು ಮಾಡುವವನು. ವಯಸ್ಸು ಮೂವತ್ತೇಳೋ ಮೂವತ್ತೆಂಟೋ. ಮಾತು ಕಡಿಮೆ.

"ಭಾವ, ಕೆನಡಾದವರು ಜನಾನ ಮಾರ್ಕ್ಸ್ ಹಾಕಿ ತಗೋತಾರಂತೆ" ಅಂದ.

"ಯಾರು ಹೇಳಿದ್ದು?"

"ಅವ್ರದೇ ಸರ್ಕಾರ. ಇಲ್ಲಿ ಬರ್ದವ್ರೆ ನೋಡಿ."

ಸರ್ಕಾರ ತಾನಾಗಿ ಬರೆದು ಪ್ರಕಟಿಸಿದ್ದು ಎಂದರೆ ನನಗೆ ಅನುಮಾನ ಎರಡು ಪಟ್ಟು. ಕನ್ನಡಕ ಏರಿಸಿ ಓದಿದೆ. ಒಟ್ಟು ನೂರು ಅಂಕ, ಪಾಸಾಗಲು ಅರವತ್ತೇಳು. ಓದಿಗೆ ಇಷ್ಟು, ಭಾಷೆಗೆ ಇಷ್ಟು, ಕೆಲಸದ ಅನುಭವಕ್ಕೆ ಇಷ್ಟು, ವಯಸ್ಸಿಗೆ ಇಷ್ಟು. ಕೊನೆಯಲ್ಲಿ, ಆ ದೇಶಕ್ಕೆ ಹೊಂದಿಕೊಳ್ಳುವ ಗುಣಕ್ಕೆಂದು ಹತ್ತು ಅಂಕ. ಆ ಗುಣವನ್ನು ಹೇಗೆ ಅಳೆಯುತ್ತಾರೆಂದು ನೋಡಿದರೆ, ಹೆಂಡತಿ ಎಷ್ಟು ಓದಿದ್ದಾಳೆ, ಅಲ್ಲಿ ನೆಂಟರು ಯಾರಾದರೂ ಇದ್ದಾರೆಯೆ ಎಂಬುದರಿಂದ.

"ಇದು ಸಾಲಾವಳಿ ಕಣೋ" ಅಂದೆ.

ನಿಜವಾಗಿಯೂ ಅದೇ. ನನ್ನ ಮದುವೆಗೆ ಕುಣಿಗಲ್ಲಿನ ಜೋಯಿಸರು ಎರಡು ಜಾತಕ ಮುಂದಿಟ್ಟುಕೊಂಡು, ಬೆರಳ ಗೆಣ್ಣು ಎಣಿಸಿ, ಮೂವತ್ತಾರಕ್ಕೆ ಇಷ್ಟು ಕೂಡಿಬಂತು ಅಂದಿದ್ದರು. ಹದಿನೆಂಟು ಬಂದರೆ ಸಾಕು ಎಂಬ ಉದಾರ ಮನಸ್ಸು ನಮ್ಮ ಶಾಸ್ತ್ರದ್ದು. ಕೆನಡಾ ಅದಕ್ಕಿಂತ ಬಿಗಿ. ಆದರೆ ನಮ್ಮ ಜೋಯಿಸರು ಗಂಡಿನದೂ ಹೆಣ್ಣಿನದೂ ಎರಡೂ ಜಾತಕ ಕೇಳುತ್ತಾರೆ. ಇವರು ನಮ್ಮದನ್ನು ಮಾತ್ರ ತರಿಸಿಕೊಂಡು, ದೇಶದ ಜಾತಕವನ್ನು ತೋರಿಸುವುದೇ ಇಲ್ಲ. ಕುಜದೋಷ ಇದ್ದರೂ ನಮಗೆ ತಿಳಿಯುವ ಬಗೆ ಹೇಗೆ?

"ನೀನು ಯಾವಾಗ್ಲೂ ಹಿಂಗೇ. ಮೊದ್ಲು ಲೆಕ್ಕ ಹಾಕ್ರಿ" ಅಂದಳು ನನ್ನ ಹೆಂಡತಿ. ಕೋಪ ಬಂದಾಗ ನನಗೆ ಏಕವಚನ, ಬಹುವಚನ ಎರಡೂ ಒಂದೇ ಉಸಿರಿನಲ್ಲಿ ಸಲ್ಲುತ್ತಿದ್ದವು.

ಲೆಕ್ಕ ಹಾಕಿದೆವು. ಓದಿಗೆ ಇಪ್ಪತ್ತೆರಡು. ಇವನು ಪಿಯುಸಿ ಮುಗಿಸಿ ಆಮೇಲೆ ಡಿಪ್ಲೊಮಾ ಸೇರಿದಾಗ, ಎಸ್ಸೆಸ್ಸೆಲ್ಸಿ ಆದ ಕೂಡಲೇ ಸೇರಬಹುದಿತ್ತು, ಎರಡು ವರ್ಷ ದಂಡ ಎಂದು ಇಡೀ ಮನೆತನ ಬೈದಿತ್ತು. ಒಟ್ಟು ಹದಿನೈದು ವರ್ಷ ಓದಿದವನಿಗೆ ಹೆಚ್ಚು ಅಂಕ ಎಂದು ಆ ಹಾಳೆಯಲ್ಲಿತ್ತು. ದಂಡವಾಗಿದ್ದ ಎರಡು ವರ್ಷ ಸಮುದ್ರದಾಚೆ ಮಾನ್ಯವಾದವು. ಅನುಭವಕ್ಕೆ ಪೂರ್ತಿ ಇಪ್ಪತ್ತೊಂದು. ನಾಲ್ಕು ವರ್ಷ ಸಾಕಿತ್ತು, ಇವನದು ಹತ್ತು ದಾಟಿತ್ತು. ವಯಸ್ಸಿಗೆ ಹತ್ತು. ಇಂಗ್ಲಿಷಿಗೆ, ಪರೀಕ್ಷೆ ಕಟ್ಟಿದರೆ, ಎಂಟು ಬರಬಹುದು. ಹೆಂಡತಿ ಬಿಎಸ್ಸಿ, ಅದಕ್ಕೆ ನಾಲ್ಕು.

ಅರವತ್ತೈದು. ಎರಡು ಕಡಿಮೆ.

"ನೆಂಟರು ಇದ್ರೆ ಐದು" ಎಂದು ಬಾಮೈದ ಬೆರಳಿಟ್ಟು ತೋರಿಸಿದ.

"ನಮ್ಮ ದೊಡ್ಡಪ್ಪನ ಮಗ ಅಲ್ಲಿಲ್ವೇನೋ? ಅಣ್ಣ ತಾನೆ?" ಅಂದಳು ಅವನ ಅಕ್ಕ, ನನ್ನ ಹೆಂಡತಿ.

ಅಲ್ಲವಂತೆ. ಒಡಹುಟ್ಟಿದವರು, ಚಿಕ್ಕಮ್ಮ, ಮಾವ ಆಗಬಹುದು. ದೊಡ್ಡಪ್ಪನ ಮಗ ಲೆಕ್ಕಕ್ಕಿಲ್ಲ. ನನ್ನ ಹೆಂಡತಿ ಆ ಹಾಳೆಯನ್ನು ಮೈಲಿಗೆಯ ಬಟ್ಟೆಯಂತೆ ದೂರ ಸರಿಸಿದಳು. "ಅಣ್ಣನ್ನ ಅಣ್ಣ ಅಲ್ಲ ಅನ್ನೋ ದೇಶಕ್ಕೆ ನೀನ್ಯಾಕೆ ಹೋಗ್ತೀಯಾ?"

ಕೊನೆಗೆ ಬಾಮೈದನ ಹೆಂಡತಿಯ ಸೋದರಮಾವ ಒಬ್ಬರು ಅಲ್ಲಿ ನೆಲೆಸಿರುವುದು ನೆನಪಾಯಿತು. ಯಾವುದೋ ಮದುವೆಯಲ್ಲಿ ಊಟದ ಪಂಕ್ತಿಯ ವಿಷಯಕ್ಕೆ ಮುನಿಸಿಕೊಂಡು ಹೋದವರು ಆ ಮೇಲೆ ಮಾತೇ ಬಿಟ್ಟಿದ್ದರು. ಮಾತು ಬಿಟ್ಟ ಮಾವನಿಗೂ ಐದು ಅಂಕವೇ, ಮಾತಾಡುವ ಮಾವನಿಗೂ ಐದೇ. ಈ ವಿಷಯದಲ್ಲಿ ಕೆನಡಾದವರು ದೊಡ್ಡ ಮನಸ್ಸಿನವರು. ಆತ ನಿಜವಾಗಿ ಮಾವನೇ ಎಂದು ಸಾಬೀತುಪಡಿಸಲು ಕುಣಿಗಲ್ ತಾಲ್ಲೂಕು ಕಚೇರಿಯಿಂದ ವಂಶಾವಳಿ ಬರೆಸಿ, ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ನೋಟರಿಯ ಮೊಹರು ಒತ್ತಿಸಿದೆ. ಒಟ್ಟು ಎಪ್ಪತ್ತು. ಸಾಲಾವಳಿ ಕೂಡಿತು.

ಉಳಿದದ್ದು ಅನುಭವದ ಪತ್ರ. ಅಲ್ಲಿಯೇ ಮುಳ್ಳಿತ್ತು.

ಆ ಶೆಡ್ಡಿನಲ್ಲಿ ದುಡಿಯುತ್ತಿದ್ದವರು ಹದಿಮೂರೋ ಹದಿನಾಲ್ಕೋ ಮಂದಿ. ಹಾಜರಿ ಪುಸ್ತಕದಲ್ಲಿ ಇದ್ದವರು ಒಂಬತ್ತು. ಹತ್ತನೆಯವನ ಹೆಸರು ಬರೆದರೆ ಅವನ ಹಿಂದೆಯೇ ಕಾರ್ಮಿಕರ ವಿಮೆಯ ಕಾನೂನೂ ಬಾಗಿಲೊಳಗೆ ಕಾಲಿಡುತ್ತದೆ ಎಂದು ಅಲ್ಲಿ ಎಲ್ಲರೂ ಬಲ್ಲರು. ನನ್ನ ಬಾಮೈದ ಇದ್ದದ್ದು ಪುಸ್ತಕದ ಹೊರಗೆ. ಸಂಬಳ ಕವರಿನಲ್ಲಿ, ಓಚರಿಗೆ ಒಂದು ರುಜು.

ಅವತ್ತು ಜಗಲಿಯಲ್ಲಿ ಕೂತು ಅವನು ಹೇಳಿದ: "ದುಡ್ಡಿಗಲ್ಲ ಭಾವ. ಇಷ್ಟು ವರ್ಷದಿಂದ ಅಲ್ಲಿದೀನಿ. ನಾಳೆ ಬಿಟ್ರೆ, ನಾನು ಅಲ್ಲಿದ್ದೆ ಅನ್ನೋಕೆ ಏನಿದೆ ಹೇಳಿ? ಅಲ್ಲಿ ಇಪ್ಪತ್ತೊಂದು ಅಂತ ಬರ್ಕೊಂಡ್ರೆ, ಇದ್ದೆ ಅಂತಾಯ್ತು."

ಯಜಮಾನರು ಕುಣಿಗಲ್ ಕಡೆಯವರು. ರಾಗಿ ಹೊಲ ತಮ್ಮನಿಗೆ ಬಿಟ್ಟು ಬಂದು ಶೆಡ್ಡು ಹಾಕಿದವರು. ಲೇಬರ್ ಆಫೀಸಿನವರ ಸ್ಕೂಟರ್ ಸದ್ದನ್ನು ಸರ್ಕಲ್ಲಿನಿಂದಲೇ ಗುರುತಿಸಿ, ಪುಸ್ತಕದಲ್ಲಿ ಇಲ್ಲದವರನ್ನೆಲ್ಲ ಹಿಂದಿನ ಬಾಗಿಲಿನಿಂದ ಟೀ ಕುಡಿಯಲು ಕಳಿಸಬಲ್ಲವರೆಂದು ಪ್ರಸಿದ್ಧರು. ಅಂಥವರು ಪತ್ರವನ್ನು ಮಾತ್ರ ಧಾರಾಳವಾಗಿ ಕೊಟ್ಟರು. ಲೆಟರ್‌ಹೆಡ್ಡಿನಲ್ಲಿ, ಸೇರಿದ ವರ್ಷ, ಮಾಡುವ ಕೆಲಸ, ಎಲ್ಲ ಸರಿಯಾಗಿ. ನನಗೆ ತಕ್ಷಣ ಅನುಮಾನ ಬಂತು. "ಏನೂ ತೊಂದರೆ ಇಲ್ವ ಯಜಮಾನ್ರೆ?" ಅಂದೆ.

"ಕೆನಡಾಕ್ಕೂ ನಮ್ ಲೇಬರ್ ಆಫೀಸಿಗೂ ಏನ್ ಸ್ವಾಮಿ, ಕೊಡೋದು ತಗೊಳ್ಳೋದು ಐತಾ?" ಎಂದು ನಕ್ಕರು.

ಅರ್ಜಿ ದೆಹಲಿಯಲ್ಲಿರುವ ಕೆನಡಾದ ಕಚೇರಿಗೆ ಹೋಯಿತು. ಹೋಗಿ ಅಲ್ಲಿಯೇ ಕೂತಿತು. ನಮ್ಮ ಕಚೇರಿಯ ಕಡತಗಳೇ ಪ್ರಪಂಚದಲ್ಲಿ ಅತಿ ನಿಧಾನ ಎಂದು ನನಗೊಂದು ವೃತ್ತಿಹೆಮ್ಮೆಯಿತ್ತು; ಅದು ಮುರಿಯಿತು. ನನ್ನ ಮಗಳು ಮಿಡ್ಲ್ ಸ್ಕೂಲಿನಿಂದ ಹೈಸ್ಕೂಲಿಗೆ ಹೋದಳು. ಬಾಮೈದ ಅದೇ ಲೂನಾದಲ್ಲಿ ಅದೇ ಶೆಡ್ಡಿಗೆ ಹೋಗಿ ಬಂದ. ಮೂರು ವರ್ಷ ಕಳೆದ ಮೇಲೆ ದೆಹಲಿಯಿಂದ ಪತ್ರ ಬಂತು. ಅಭಿನಂದನೆ ಎಂದುಕೊಂಡು ನನ್ನ ಹೆಂಡತಿ ಒಳಗೆ ಹೋಗಿ ಕೇಸರಿಬಾತಿಗೆ ರವೆ ಹುರಿಯತೊಡಗಿದಳು. ನಾನು ಓದಿದೆ.

ನೀವು ಹೇಳಿದ ಸಂಸ್ಥೆಗೆ ನಮ್ಮ ಅಧಿಕಾರಿ ಫೋನ್ ಮಾಡಿ ವಿಚಾರಿಸಿದಾಗ, ಈ ಹೆಸರಿನವರು ಯಾರೂ ಇಲ್ಲಿ ಕೆಲಸ ಮಾಡುವುದಿಲ್ಲ, ಹಿಂದೆಯೂ ಮಾಡಿಲ್ಲ ಎಂಬ ಉತ್ತರ ಬಂದಿದೆ. ಇದಕ್ಕೆ ನಿಮ್ಮ ಸಮಜಾಯಿಷಿ ಏನು, ಎರಡು ತಿಂಗಳಲ್ಲಿ ತಿಳಿಸತಕ್ಕದ್ದು. ಇದು ಸಾರಾಂಶ.

ಇಪ್ಪತ್ತೊಂದು ಹೋದರೆ ಉಳಿಯುವುದು ನಲವತ್ತೊಂಬತ್ತು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಪತ್ರ ಕೊಟ್ಟವನೆಂಬ ಹೆಸರು. ಬಾಮೈದ ಪತ್ರವನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದ. ರವೆ ಸೀದ ವಾಸನೆ ಬಂತು. ಯಾರೂ ಎದ್ದು ಹೋಗಲಿಲ್ಲ.

ಮಾರನೆಯ ದಿನವೇ ರಜೆ ಹಾಕಿ ಸತ್ಯಮಂಗಲಕ್ಕೆ ಹೋದೆವು. ಯಜಮಾನರು ನೆನಪಿಸಿಕೊಳ್ಳಲು ಕಷ್ಟಪಡಲಿಲ್ಲ.

"ಹೂಂ, ಬಂದಿತ್ತು. ಒಂದ್ ಹೆಣ್ಮಗಳು, ಇಂಗ್ಲಿಷು. ಇವ್ನ ಹೆಸರು ಹೇಳಿ, ನಿಮ್ಮತ್ರ ಕೆಲ್ಸ ಮಾಡ್ತಾರಾ ಅಂದ್ಲು. ನೋ ಮೇಡಂ ಅಂದೆ."

"ಆಗ ಇವನೆಲ್ಲಿದ್ದ?"

"ಇಲ್ಲೇ. ಆ ಬಾಗ್ಲಾಗೆ ನಿಂತ್ಕಂಡು ಬನ್ನು ತಿಂತಿದ್ದ."

ನಾನು ಕೇಳಿದೆ: "ಎದುರಿಗೆ ನಿಂತವನನ್ನು ಇಲ್ಲ ಅನ್ನೋಕೆ ಬಾಯಿ ಹೆಂಗ್ ಬಂತು ಯಜಮಾನ್ರೆ?"

"ಹೌದು ಅನ್ನೋಕೆ ಬರ್ಬೇಕಲ್ಲ ಸ್ವಾಮಿ. ಈ ಏರಿಯಾದಾಗೆ ಯಾವ ಶೆಡ್ಡಿಗಾದ್ರೂ ಫೋನ್ ಮಾಡಿ, ಇಂಗ್ಲಿಷ್ನಾಗೆ ಒಂದ್ ಹೆಸ್ರು ಕೇಳಿ. ಪಕ್ಕದ ಶೆಡ್ಡಿನೋನ್ಗೆ ಅವ್ನ ಹೆಸ್ರೇ ಕೇಳಿ. ಅಂಥೋನು ಯಾರೂ ಇಲ್ಲ ಅಂತಾನೆ."

ಅದು ನಿಜವೇ. ಇಪ್ಪತ್ತು ವರ್ಷ ಪುಸ್ತಕದ ಹೊರಗೆ ಜನ ಇಟ್ಟವನ ನಾಲಿಗೆ ಹಾಗೆ ತಾನಾಗಿ ತಿರುಗುತ್ತದೆ. ಆದರೂ ನನ್ನ ಅನುಮಾನ ಬೇರೆ ದಾರಿ ಹಿಡಿದಿತ್ತು. ಆ ಶೆಡ್ಡಿನಲ್ಲಿ ಡೈ ಮಾಡಬಲ್ಲವನು ಇವನೊಬ್ಬನೇ. ಇವನು ಹೊರಟರೆ ಅರ್ಧ ಕೆಲಸ ಹೊರಟ ಹಾಗೆ. ಪತ್ರ ಕೊಡಬಹುದು, ಒಳ್ಳೆಯವನೆನಿಸಿಕೊಳ್ಳಬಹುದು. ಆಮೇಲೆ ಫೋನಿನಲ್ಲಿ ಒಂದು ಪದ ಸಾಕು. ದಾರಿಯಲ್ಲಿ ಇದನ್ನು ಹೇಳಿದೆ. ಬಾಮೈದ ಲೂನಾ ನಿಲ್ಲಿಸಿಯೇ ಬಿಟ್ಟ.

"ಅಂಗೆಲ್ಲ ಅನ್ಬೇಡಿ ಭಾವ. ಆವಯ್ಯ ಅಂಥೋನಲ್ಲ."

"ನಿನ್ನನ್ನ ಇಲ್ಲ ಅಂದವರು ಕಣೋ."

"ಅಂದ್ರು. ಅವತ್ತು ಬನ್ನು ತಿಂತಾ ನಾನೂ ಕೇಳಿಸ್ಕಂಡೆ, ಯಾರೋ ಲೇಬರ್‌ನವ್ರು ಅಂದ್ಕಂಡು ನಕ್ಕೆ. ಈಗ ನಂಗೇ ಒಂಥರಾ ಆಗ್ತದೆ, ಇದ್ನೋ ಇಲ್ವೋ ಅಂತ." ಮತ್ತೆ ಲೂನಾ ತುಳಿದ.

ಮತ್ತೊಂದು ದಿನ ಹೋಗಿ, ನಡೆದದ್ದನ್ನು ಬರೆದುಕೊಡಿ ಎಂದು ಯಜಮಾನರನ್ನು ಬೇಡಿದೆವು. ಆಗುವುದಿಲ್ಲ ಅಂದರು. "ಹತ್ತು ವರ್ಷ ಒಬ್ಬನ್ನ ಪುಸ್ತಕದಾಗೆ ಬರೀದೆ ಇಟ್ಕಂಡಿದ್ದೆ, ಕೇಳಿದ್ರೆ ಸುಳ್ಳು ಹೇಳ್ದೆ, ಅಂತ ನನ್ ಕೈಯಾರೆ ಬರ್ದು ಸೈನ್ ಮಾಡ್ಲಾ? ನೀವ್ ಸರ್ಕಾರದೋರು, ನೀವೇ ಹೇಳಿ. ಇನ್ನೊಂದ್ಸಲ ಫೋನ್ ಮಾಡ್ಲಿ. ಹೌದು ಅಂತೀನಿ. ಬಾಯಲ್ಲಿ ಎಷ್ಟು ಬೇಕಾದ್ರೂ ಹೌದು."

ಹಾಗಾಗಿ ನಾನು ದೆಹಲಿಗೆ ಉತ್ತರ ಬರೆದೆ. ಬದುಕಿನಲ್ಲಿ ಬರೆದ ಅತ್ಯಂತ ಕಷ್ಟದ ಟಿಪ್ಪಣಿ ಅದು. ನಮ್ಮ ಕಡೆ ಅಪರಿಚಿತರ ಪ್ರಶ್ನೆಗೆ ಮೊದಲ ಸಲ ಇಲ್ಲ ಎನ್ನುವುದು ವಾಡಿಕೆಯೆಂದೂ, ದಯವಿಟ್ಟು ಎರಡನೆಯ ಸಲ ಕೇಳಬೇಕೆಂದೂ ಕೋರಿದ್ದೆ. ಬಾಮೈದ ಪೇಟೆಯಿಂದ, ಫೋನ್ ಬಂದಾಗ ಅದರ ನಂಬರು ತೋರಿಸುವ ಸಣ್ಣ ಡಬ್ಬಿಯೊಂದನ್ನು ತಂದು ಶೆಡ್ಡಿನ ಫೋನಿಗೆ ಸಿಕ್ಕಿಸಿದ. ನಾನು ಕ್ಯಾಲೆಂಡರಿನ ಹಾಳೆಯ ಹಿಂದೆ ದಪ್ಪವಾಗಿ 011 ಎಂದು ಬರೆದು ಗೋಡೆಗೆ ಅಂಟಿಸಿದೆ.

"ಇದು ದೆಹಲಿ. ಇದು ಬಂದ್ರೆ ಹೌದು ಅನ್ನಿ. 080 ಬೆಂಗಳೂರು, ಅದು ಬಂದ್ರೆ ನಿಮ್ಮ ಮಾಮೂಲು ಉತ್ತರ."

"ಸೊನ್ನೆ ಹನ್ನೊಂದು ಹೌದು, ಸೊನ್ನೆ ಎಂಬತ್ತು ಇಲ್ಲ" ಎಂದು ಯಜಮಾನರು ಮಗ್ಗಿಯಂತೆ ಒಪ್ಪಿಸಿದರು.

ಕಾದೆವು. ಎರಡು ತಿಂಗಳಲ್ಲಿ ಒಂದು ಕಳೆಯಿತು. ದೆಹಲಿಯ ಫೋನ್ ಬರಲಿಲ್ಲ.

ಒಂದು ಸಂಜೆ ಬಾಮೈದ ಬಂದು ಜಗಲಿಯಲ್ಲಿ ಕುಕ್ಕರಿಸಿದ. ಫೋನ್ ಬಂತಂತೆ. ಯಜಮಾನರೇ ಎತ್ತಿದರಂತೆ. ಆ ಕಡೆ ಇಂಗ್ಲಿಷು. ನಿಮ್ಮಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ ಎಂದು ಕೇಳಿದರಂತೆ. ಯಜಮಾನರು ಎದ್ದು ನಿಂತು, ರಾಜ್ಯೋತ್ಸವದ ಭಾಷಣದ ಧಾಟಿಯಲ್ಲಿ, ಇರುವವರೆಲ್ಲರ ಲೆಕ್ಕ ಒಪ್ಪಿಸಿದರಂತೆ. ಅದರಲ್ಲಿ ನಮ್ಮ ಡೈ ಮೇಸ್ತ್ರಿ ಇಂಥವರು, ಹತ್ತು ವರ್ಷದ ಮೇಲಾಯಿತು, ಇದೋ ನನ್ನ ಎದುರಿಗೇ ಇದ್ದಾರೆ, ಬೇಕಾದರೆ ಮಾತಾಡಿ ಎಂದು ಫೋನನ್ನು ಇವನ ಕೈಗೇ ಕೊಟ್ಟರಂತೆ.

"ಸರಿ, ಆಯ್ತಲ್ಲ" ಅಂದೆ.

"ದೆಹಲಿ ಅಲ್ಲ ಭಾವ. ಬೆಂಗಳೂರು. ಕಾರ್ಮಿಕರ ವಿಮೆ ಆಫೀಸು."

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಳುತ್ತಿದ್ದಾಳೆಂದು ನೋಡಿದರೆ ನಗುತ್ತಿದ್ದಳು.

ಅಧಿಕಾರಿ ವಾರದೊಳಗೆ ಬಂದರು. ಈ ಸಲ ಯಾರೂ ಹಿಂದಿನ ಬಾಗಿಲಿನಿಂದ ಹೋಗುವಂತಿರಲಿಲ್ಲ. ಇರುವವರ ಲೆಕ್ಕ ಆಗಲೇ ಯಜಮಾನರ ಬಾಯಿಂದ ಬೆಂಗಳೂರು ಸೇರಿತ್ತು. ಒಬ್ಬೊಬ್ಬರನ್ನೇ ಕೂರಿಸಿ, ಯಾವಾಗ ಸೇರಿದೆ, ಏನು ಕೆಲಸ ಎಂದು ಹೇಳಿಕೆ ಬರೆದುಕೊಂಡರು. ಆಧಾರ ಕೇಳಿದಾಗ ಯಜಮಾನರು ಮೂಲೆಯ ಟ್ರಂಕಿನಿಂದ ಹಳೆಯ ಓಚರುಗಳ ಕಂತೆ ಎತ್ತಿ ಮೇಜಿನ ಮೇಲಿಟ್ಟರು. ಪ್ರತಿ ತಿಂಗಳೂ ನನ್ನ ಬಾಮೈದನ ರುಜು, ಹಳದಿಯಾದ ರೆವಿನ್ಯೂ ಸ್ಟ್ಯಾಂಪಿನ ಮೇಲೆ. ಅಧಿಕಾರಿ ವರದಿ ಬರೆದರು. ಹಿಂದಿನ ವರ್ಷಗಳ ವಿಮೆಯ ಬಾಕಿ ಕಟ್ಟಬೇಕೆಂದು ಮುಂದೆ ಆದೇಶವಾಯಿತು. ಯಜಮಾನರು ಕಟ್ಟಿದರು. ಅದಕ್ಕೆ ಒಂದು ಲೇತ್ ಮೆಷಿನ್ನು ಮಾರಿದರೆಂದು ಆಮೇಲೆ ತಿಳಿಯಿತು.

ಆ ವರದಿ ಎಂಥ ವಸ್ತು ಎಂದು ಮೊದಲು ಹೊಳೆದದ್ದು ನನಗೆ. ಈ ಧರ್ಮದ ಪೂಜಾರಿಯಲ್ಲವೆ. ಯಜಮಾನ ಹೇಳಿದರೆ ನಂಬದ ದೆಹಲಿ, ಯಜಮಾನನನ್ನು ನಂಬದ ನಮ್ಮ ಸರ್ಕಾರ ಬರೆದರೆ ನಂಬುತ್ತದೆ. ಇಂಥ ಹೆಸರಿನವನು, ಇಂಥ ವರ್ಷದಿಂದ, ಇಂಥ ಕೆಲಸದಲ್ಲಿ, ಕಾನೂನಿಗೆ ವಿರುದ್ಧವಾಗಿ ಪುಸ್ತಕದ ಹೊರಗೆ ಇದ್ದ ಎಂದು ಮೊಹರು ಸಹಿತ ಬರೆದಿತ್ತು. ಇದ್ದ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ದೃಢೀಕೃತ ನಕಲು ಪಡೆದು, ಗಡುವು ಮುಗಿಯುವ ಮೊದಲು ದೆಹಲಿಗೆ ಕಳಿಸಿದೆ.

ಅವರು ಮತ್ತೆ ಫೋನ್ ಮಾಡಲೇ ಇಲ್ಲ. ಕೆಲವು ತಿಂಗಳ ನಂತರ, ವೈದ್ಯಕೀಯ ಪರೀಕ್ಷೆಗೆ ಹೋಗಿರೆಂದು ಬಾಮೈದನಿಗೆ ಸೂಚನೆ ಬಂತು. ಅದಾದ ಮೇಲೆ ವೀಸಾ. ಅವನು ಅದನ್ನು ಬಹಳ ಹೊತ್ತು ನೋಡಿ, "ಇಪ್ಪತ್ತೊಂದು ಕೊಟ್ರು ಭಾವ" ಅಂದ. ಉಳಿದ ನಲವತ್ತೊಂಬತ್ತರ ಬಗ್ಗೆ ಅವನು ಮಾತಾಡಿದ್ದು ನನಗೆ ನೆನಪಿಲ್ಲ.

ಹೊರಡುವ ಮುಂಚೆ ಒಂದು ಮಧ್ಯಾಹ್ನ, ಹಣ್ಣು ಸಿಹಿ ಹಿಡಿದು ಸತ್ಯಮಂಗಲಕ್ಕೆ ಹೋದೆವು. ಬಾಮೈದ ಯಜಮಾನರ ಕಾಲಿಗೆ ನಮಸ್ಕಾರ ಮಾಡಿದ. ಅವರು ಅವನ ಬೆನ್ನು ತಟ್ಟಿ, "ಹೋಗ್ ಹೋಗು, ನಿನ್ನಿಂದ ನಂಗೆ ಲಾಸೇ" ಎಂದು ಗದರಿದರು. ಅವನು ಜೊತೆಯವರನ್ನು ಮಾತಾಡಿಸಲು ಮೆಷಿನ್ನುಗಳ ಕಡೆ ಹೋದ. ನಾವಿಬ್ಬರೇ ಉಳಿದೆವು. ಗೋಡೆಯ ಮೇಲೆ 011 ಇನ್ನೂ ಇತ್ತು.

"ಅವತ್ತು ಹೆಂಗ್ ತಪ್ಪಿತು ಯಜಮಾನ್ರೆ?" ಎಂದು ಕೇಳಿದೆ. "ಮಗ್ಗಿ ಒಪ್ಪಿಸಿದ್ರಲ್ಲ."

"ಕನ್ನಡಕ ಹಾಕಿರ್ಲಿಲ್ಲ ಸ್ವಾಮಿ. ಆ ಡಬ್ಬಿನಾಗೆ ಇರುವೆ ಇದ್ದಂಗೆ ಇರ್ತವೆ ಅಕ್ಷರ. ಬೆಂಗ್ಳೂರೋ ದೆಹಲಿಯೋ, ಯಾವನಿಗೆ ಗೊತ್ತು."

ನಂಬುವಂಥದೇ. ಕನ್ನಡಕ ಈಗಲೂ ಮೇಜಿನ ಮೇಲೆ, ನನ್ನ ಕೈಯ ಪಕ್ಕದಲ್ಲಿ ಮಡಿಸಿ ಇಟ್ಟಿತ್ತು. ಅವರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬಾಳೆಹಣ್ಣು ಸುಲಿಯುತ್ತಿದ್ದರು. ಫೋನ್ ರಿಂಗಾಯಿತು. ಡಬ್ಬಿಯಲ್ಲಿ ನಂಬರು ಹೊಳೆಯಿತು. ಯಜಮಾನರು ಕುಳಿತಲ್ಲಿಂದಲೇ ಆ ಕಡೆ ಒಂದು ಕಣ್ಣು ಹಾಯಿಸಿ, ಹಣ್ಣು ಕಚ್ಚಿದರು.

"ಕುಣಿಗಲ್ಲು. ನಮ್ಮಕ್ಕ. ಹೊಡ್ಕಳ್ಳಿ ಬುಡಿ, ಆಮೇಲೆ ಮಾಡ್ತೀನಿ."

ನಾನು ಡಬ್ಬಿಯನ್ನು ನೋಡಿದೆ. ಕುಣಿಗಲ್ಲಿನ ನಂಬರೇ. ಮೂಲೆಯ ಟ್ರಂಕು, ಅಧಿಕಾರಿ ಕೇಳಿದ ಕೂಡಲೇ ಕೈಗೆ ಸಿಕ್ಕ ಓಚರಿನ ಕಂತೆ, ಎಲ್ಲ ಒಂದೊಂದಾಗಿ ನನ್ನ ತಲೆಯಲ್ಲಿ ಸಾಲು ಹಿಡಿದು ಕುಳಿತವು. ಯಾರಾದರೂ ಮೋಸ ಮಾಡಿದ್ದರೆ ವಿಚಾರಿಸುವ ಕ್ರಮ ನನಗೆ ಗೊತ್ತಿತ್ತು. ಇದಕ್ಕೆ ಏನೆಂದು ವಿಚಾರಿಸುವುದು?

"ಯಜಮಾನ್ರೆ, ನಿಮ್ಮ ಕನ್ನಡಕ ಇಲ್ಲಿದೆ" ಎಂದು ಅವರ ಕಡೆ ಸರಿಸಿದೆ.

"ಅಲ್ಲೇ ಇರ್ಲಿ ಸ್ವಾಮಿ" ಅಂದರು. "ನೀವೊಂದು ಹಣ್ಣು ತಗಳಿ."